ಕಳಕಪ್ಪನ ಕಾಲಿನ ಕಟ್ಟು

ಕರ್ನಾಟಕ ಒಂದಾಗಿ ಆರು ತಿಂಗಳಾಗಿತ್ತು. ಗಜೇಂದ್ರಗಡದ ನೇಕಾರ ಕಳಕಪ್ಪನ ತಲೆ ಮಾತ್ರ ಇನ್ನೂ ಎರಡು ಹೋಳಾಗಿಯೇ ಇತ್ತು. ಬಲಗಡೆ ತಣ್ಣಗೆ, ಎಡಗಡೆ ಯಾರೋ ಒಳಗೆ ಕೂತು ಮಗ್ಗ ಬಡಿಯುತ್ತಿದ್ದರು. ವಾರಕ್ಕೊಮ್ಮೆ ಬರುವ ಅರ್ಧತಲೆ ಶೂಲೆ, ಹನ್ನೆರಡು ವರ್ಷದ್ದು. ಕತ್ತಲ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಮಲಗಿದರೆ ಇಳಿಯುತ್ತಿತ್ತು. ಬಿಸಿಲು ಬಡಿದರೆ ಎರಡು ದಿನ ಬಿಡುತ್ತಿರಲಿಲ್ಲ.

ಅಂದು ಎದುರುಮನೆಯ ಗ್ಯಾನಪ್ಪನ ಹಾಸು. ಸೀರೆಯ ನೂಲನ್ನು ಓಣಿಯುದ್ದ ಎಳೆದು ಕಟ್ಟಿ, ಗಂಜಿ ಸವರಿ, ಅದು ಒಣಗುವುದರೊಳಗೆ ಎಳೆ ಬಿಡಿಸಬೇಕು. ಮನೆಗೊಂದಾಳು ಬರುವುದು ಓಣಿಯ ಪದ್ಧತಿ. ಕಳಕಪ್ಪ ಆಗಲೇ ಎರಡು ಸಲ ತಪ್ಪಿಸಿದ್ದ. ಮೂರನೆಯ ಸಲವೂ ತಪ್ಪಿಸಿದರೆ, ಬರುವ ಸೋಮವಾರ ಅವನ ಹಾಸು ಹಿಡಿಯಲು ಒಬ್ಬನೂ ಬರುವುದಿಲ್ಲ.

ತಲೆನೋವೆಂದರೆ ಯಾರೂ ನಂಬುತ್ತಿರಲಿಲ್ಲ. "ಕೋಡಿಲ್ಲದ ಹೋರಿ ಆಗೀದಿ, ನಿನಗ್ಯಾತರ ಬ್ಯಾನಿ?" ಎಂದು ಹೋದ ಸಲ ಗ್ಯಾನಪ್ಪ ಓಣಿಗೆಲ್ಲ ಕೇಳುವಂತೆ ನಕ್ಕಿದ್ದ.

"ಮಂದಿಗೆ ಕಾಣೂ ಬ್ಯಾನಿ ಬೇಕ್ರಿ," ಎಂದಳು ಹೆಂಡತಿ ಹೊನ್ನವ್ವ. ಅರಿಸಿನ ಸುಣ್ಣ ಕಲಸಿ ಅವನ ಬಲಗಾಲಿಗೆ ಬಳಿದು, ಹಳೆಯ ಸೀರೆ ಹರಿದು ಕುಂಬಳಕಾಯಿ ಗಾತ್ರದ ಕಟ್ಟು ಕಟ್ಟಿದಳು. "ಬಚ್ಚಲದಾಗ ಜಾರಿ ಬಿದ್ದೀರಿ. ನೆಪ್ಪಿಟ್ಕೋರಿ."

ಹನ್ನೆರಡು ವರ್ಷ ತಲೆಗೆ ಸಿಗದ ಕರುಣೆ ಕಾಲಿಗೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಪಕ್ಕದ ಮನೆಯ ಕರಿಯವ್ವ ಬಿಸಿ ರೊಟ್ಟಿ ಹಿಡಿದು ಬಂದವಳೇ ಕಿಟಕಿ ತೆರೆದಳು. "ಅಯ್ಯ ನನ್ನಪ್ಪಾ, ಕತ್ತಲದಾಗ ಬಿದ್ದೀಯಲ್ಲೋ!" ಎಂದು ಅವನ ಕಿವಿಯ ಹತ್ತಿರವೇ ಅತ್ತಳು. ಬೆಳಕು ದಬ್ಬಣದಂತೆ ಎಡಗಣ್ಣಿಗೆ ಚುಚ್ಚಿತು.

ಗ್ಯಾನಪ್ಪ ಗಂಜಿಗೈಯಲ್ಲೇ ಓಡಿಬಂದ. "ಇದು ನೋಡು ಖರೇ ಬ್ಯಾನಿ! ಲಗೂ ಮದರಸಾಬನ್ನ ಕರೀರಿ!"

ಎಲುಬು ಕೂಡಿಸುವ ಮುದುಕ ಮದರಸಾಬ ಎಡಗಾಲು ಕುಂಟುತ್ತ ಬಂದ. ತನ್ನ ಕಾಲು ಸರಿಮಾಡಿಕೊಳ್ಳಲಾಗದವನು ಊರ ಕಾಲು ಸರಿಮಾಡುತ್ತಾನೆಂದು ಜನ ಆಡಿಕೊಳ್ಳುತ್ತಿದ್ದರು. ಕಟ್ಟು ಬಿಚ್ಚಿ ಪಾದ ಒತ್ತಿ ನೋಡಿದ. ಕಳಕಪ್ಪನ ಮುಖ ನೋಡಿದ. ಸುತ್ತ ಇಣುಕುತ್ತಿದ್ದ ಎಂಟು ಮುಖಗಳನ್ನೂ ನೋಡಿದ.

"ಗಟ್ಟಿ ಹಿಡಕೋರಿ ಅವನ್ನ."

ಲಟಕ್ಕೆಂದಿತು. ಕಳಕಪ್ಪನ ಕೂಗಿಗೆ ಮಾಳಿಗೆಯ ಪಾರಿವಾಳಗಳು ಎದ್ದು ಹಾರಿದವು. ಈಗ ಕಾಲು ನಿಜವಾಗಿಯೂ ಉಳುಕಿತ್ತು.

"ಮೂರು ದಿನ ಕಾಲು ಊರಬ್ಯಾಡ," ಎಂದ ಮದರಸಾಬ.

ಸದ್ಯ, ಇನ್ನು ಮಲಗಲು ಬಿಡುತ್ತಾರೆಂದು ಕಳಕಪ್ಪ ಕಣ್ಣು ಮುಚ್ಚಿದ. ಆದರೆ ಗ್ಯಾನಪ್ಪನ ಕರುಣೆ ಇನ್ನೂ ಮುಗಿದಿರಲಿಲ್ಲ. "ಒಬ್ಬನ ಬಿದ್ರ ಬ್ಯಾಸರಾಗ್ತೈತಿ ಪಾಪ. ಕೈ ನೆಟ್ಟಗ ಅದಾವಲ್ಲ? ಹೊರಸು ಎತ್ರಿ! ಹಾಸಿನ ಮಗ್ಗಲಕ್ಕ ಹರದ ಎಳಿ ಕಟಗೋತ ಕುಂದರ್ಲಿ!"

ನಾಲ್ವರು ಮದುಮಗನನ್ನು ಹೊತ್ತಂತೆ ಅವನು ಮಲಗಿದ್ದ ಹೊರಸನ್ನು ಹೊತ್ತು, ಓಣಿಯ ನಟ್ಟನಡುವೆ ಉರಿಬಿಸಿಲಲ್ಲಿ ಇಳಿಸಿದರು. ಈಗ ತಲೆನೋವೆಂದರೆ ಕಾಲಿನ ಕತೆಯೂ ಬಯಲಾಗುತ್ತದೆ. ಕಳಕಪ್ಪ ಹಲ್ಲು ಕಚ್ಚಿ ಎಳೆ ಕಟ್ಟತೊಡಗಿದ.

ಎಲ್ಲರೂ ಅತ್ತ ಸರಿದ ಮೇಲೆ ಮದರಸಾಬ ಬಗ್ಗಿ ಮೆಲ್ಲಗೆ ಕೇಳಿದ. "ತಲಿ ಯಾವ ಕಡೆ?"

ಕಳಕಪ್ಪ ಬೆಚ್ಚಿದ. "ಎಡಕ್ರಿ... ನಿಮಗ ಹ್ಯಾಂಗ ತಿಳೀತು?"

"ಬೆಳಕಿಗೆ ಕಣ್ಣು ಮುಚ್ಚಿದ್ದಿ. ನಂದು ಬಲಕ್ಕ. ಮೂವತ್ತು ವರ್ಷಾತು."

"ಮತ್ತ ನನ್ನ ಕಾಲು ಯಾಕ ಜಗ್ಗಿದ್ರಿ?"

"ಎಂಟು ಮಂದಿ ನಿಂತಿದ್ರು. ಏನೂ ಆಗಿಲ್ಲ ಅಂದಿದ್ರ ನೀ ಸುಳ್ಳ ಆಗ್ತಿದ್ದಿ. ಮಾಫ್ ಮಾಡಪಾ, ಒಂದೀಟು ಜೋರಾತು."

ಕಳಕಪ್ಪನ ಕಣ್ಣು ಮುದುಕನ ಎಡಗಾಲಿಗೆ ಇಳಿಯಿತು. "ಹಂಗಾರ ನಿಮ್ಮ ಕುಂಟು?"

"ಕಾಲಿಗೇನಾಗೇತಿ? ಕುಂಟಗ ಮಂದಿ ಕುಂದ್ರಾಕ ಜಾಗಾ ಕೊಡ್ತಾರ, ಅಷ್ಟ."

ಮದರಸಾಬ ಹೊರಸು ಸುತ್ತಿ ಎಡಗಡೆಗೆ ಬಂದ. ಹೆಗಲ ಮೇಲಿನ ವಸ್ತ್ರ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದ. ನೆರಳು ನೋವಿದ್ದ ಅರ್ಧದ ಮೇಲೆಯೇ ಸರಿಯಾಗಿ ಬಿತ್ತು. ಯಾವ ಕಡೆ ಎಂದು ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕಳಕಪ್ಪನ ಕಣ್ಣು ತುಂಬಿ ಬಂತು.

ಅದು ಕರಿಯವ್ವನಿಗೆ ಕಂಡಿತು. "ಅಯ್ಯ, ಕಾಲ ಎಷ್ಟ ನೋಯಾಕತ್ತೈತೋ ಏನೋ, ಅಳಾಕತ್ಯಾನ! ಉಳುಕಿಗೆ ಬಿಸಲಕಾವು ಭಾಳ ಚಲೋ. ಹೊರಸು ಇನ್ನೊಂದೀಟು ಆಕಡೆ ಎಳೀರಿ!"

ನಾಲ್ವರು ಮತ್ತೆ ಓಡಿಬಂದು ಹೊರಸು ಎಳೆದರು. ನೆರಳು ಕುಂಟುತ್ತ ಹಿಂದೆ ಬಂತು.