ನೂರಿಪ್ಪತ್ತು ಮಿಲಿಮೀಟರಿನ ಚೀಸ್ ಬಾಲ್

ಚೆನ್ನಾಗಿ ನಡೆಯುತ್ತಿರುವ ಪಾರ್ಟಿಯನ್ನು ಹಾಳು ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಆದರೆ ಅಳತೆ ಮಾಡಿ, ಮಿಲಿಮೀಟರು ತಪ್ಪದಂತೆ ಹಾಳು ಮಾಡುವವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ. ಅವರು ನಮ್ಮ ಭಾವ! ಇದನ್ನು ಓದಿದರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. 'ಮಿಲಿಮೀಟರು ತಪ್ಪದಂತೆ' ಅನ್ನುವ ಮಾತಿಗೆ ಹಿಗ್ಗುತ್ತಾರೆ, ಅಷ್ಟೇ.

ತೊಂಬತ್ತರ ದಶಕದ ಮಾತು. ದಾವಣಗೆರೆಯಿಂದ ಬಂದ ನಾನು ಪೀಣ್ಯದ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ವಾಸ ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ, ಅಕ್ಕ ಭಾವನ ಮನೆಯಲ್ಲಿ. ಭಾವ ಗದಗಿನ ಕಡೆಯವರು. ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗ. ಅಂದರೆ, ಬೇರೆಯವರು ಬೆವರು ಸುರಿಸಿ ಮಾಡಿದ ಯಂತ್ರದ ಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆ ಇಡುವುದು. ಇಪ್ಪತ್ತೈದು ವರ್ಷ ಇದನ್ನೇ ಮಾಡಿದ ಮನುಷ್ಯ ಮನೆಗೆ ಬಂದ ಮೇಲೆ ಸುಮ್ಮನೆ ಕೂರುತ್ತಾರೆಯೇ? ಅಳೆಯುವ ಕ್ಯಾಲಿಪರ್ ಸದಾ ಅವರ ಅಂಗಿ ಜೇಬಿನಲ್ಲೇ ಇರುತ್ತಿತ್ತು. ಅಕ್ಕ ಇಡ್ಲಿ ಬಡಿಸಿದರೆ ಮೊದಲು ಅದು ಹೊರಗೆ ಬರುತ್ತಿತ್ತು.

"ಎರಡೂ ಒಂದ ತಟ್ಟ್ಯಾಗ ಬೆಂದಾವ. ಆದ್ರ ಮೂರು ಮಿಲಿಮೀಟರ್ ಫರಕ್ ಐತಿ."

"ತಿನ್ರೀ ಸುಮ್ನೆ. ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ ಅಳತೆ ಆಗುತ್ತೆ," ಎನ್ನುತ್ತಿದ್ದಳು ಅಕ್ಕ.

ಇಂಥವರ ಕಣ್ಣಿಗೆ ಚೀಸ್ ಬಾಲ್ ಬಿದ್ದದ್ದು ನಮ್ಮ ಗ್ರಹಚಾರ. ಫ್ಯಾಕ್ಟರಿಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರ ಹೆಂಡತಿ ಕ್ಲಬ್ಬಿನ ಪಾರ್ಟಿಗೆ ಅದನ್ನು ಮಾಡಿ ತಂದಿದ್ದರಂತೆ. ಮೆತ್ತನೆಯ ಚೀಸು, ಪೀನಟ್ ಬಟರು, ಸಕ್ಕರೆ ಎಲ್ಲ ಕಲಸಿ, ತೆಂಗಿನಕಾಯಿ ಗಾತ್ರದ ಒಂದೇ ಉಂಡೆ ಕಟ್ಟಿ, ಹುರಿದ ಕಡಲೆಬೀಜದ ತರಿಯಲ್ಲಿ ಹೊರಳಿಸಿದ ಸಿಹಿ. ಬಿಸ್ಕತ್ತಿನ ಮೇಲೆ ಸವರಿಕೊಂಡು ತಿನ್ನಬೇಕು. ಮೊದಲೇ ಶೇಂಗಾ ಅಂದರೆ ಪ್ರಾಣ ಬಿಡುವ ಕಡೆಯವರು, ಮೇಲೆ ಅದು ಅಷ್ಟು ಗುಂಡಗಿದೆ! ಭಾವ ಮರುಳಾಗಿ ಹೋದರು. ಆಕೆಯಿಂದ ಚೀಟಿ ಬರೆಸಿಕೊಂಡು ಬಂದರು. ಆಕೆ ಪಾಪ 'ಉಂಡೆ ಮಾಡಿ' ಎಂದಷ್ಟೇ ಬರೆದಿದ್ದರು. ಭಾವ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ 'ವ್ಯಾಸ 120 ಮಿ.ಮೀ.' ಎಂದು ಸೇರಿಸಿದರು.

ಆಗಿನ ಜಾಲಹಳ್ಳಿಯಲ್ಲಿ ಪೀನಟ್ ಬಟರ್ ಎಲ್ಲಿಂದ ತರುವುದು? ಮೆತ್ತನೆಯ ಚೀಸ್ ಯಾವ ಅಂಗಡಿಯಲ್ಲಿತ್ತು? ಎಲ್ಲ ಮನೆಯಲ್ಲೇ ಆಗಬೇಕು. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಕಿಟಕಿಯ ಸರಳಿಗೆ ನೇತುಹಾಕುವುದು, ಡಬ್ಬದ ಚೀಸು ತುರಿಯುವುದು ಅಕ್ಕನ ಪಾಲು. ಶೇಂಗಾ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಎಣ್ಣೆ ಬಿಡುವ ತನಕ ಮಿಕ್ಸಿಯಲ್ಲಿ ಅರೆಯುವುದು ನನ್ನ ಪಾಲು. ಭಾವನ ಪಾಲು? ಕುರ್ಚಿ ಎಳೆದುಕೊಂಡು ಕೂತು ಇನ್‌ಸ್ಪೆಕ್ಷನ್! ವಾರಕ್ಕೊಂದೇ ರಜೆ ನನಗೆ. ಅದೂ ಹೀಗೆ ಪುಡಿಯಾಗುತ್ತಿತ್ತು. ಒಮ್ಮೆ ಅರೆದು ಅರೆದು ಸುಟ್ಟ ವಾಸನೆ ಬಂತು.

"ಏ, ಸಾಕು ಸಾಕು, ಸ್ವಲ್ಪ ಹೊತ್ತು ಆರಾಮ ತಗೋ," ಎಂದರು ಭಾವ.

"ಪರವಾಗಿಲ್ಲ ಭಾವ, ನನಗೇನೂ ಸುಸ್ತಾಗಿಲ್ಲ," ಎಂದೆ, ಸ್ವಲ್ಪ ಕರಗಿಯೇ.

"ನಾ ಮಿಕ್ಸಿಗೆ ಹೇಳಿದ್ನವಾ."

ಉಂಡೆಯನ್ನು ಮಾತ್ರ ಅವರೇ ಕಟ್ಟುತ್ತಿದ್ದರು. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ನಾಲ್ಕು ದಿಕ್ಕಿನಿಂದ ಅಳೆಯುತ್ತಿದ್ದರು. ಆಮೇಲೆ ಟೂಟಿ ಫ್ರೂಟಿಯ ಡಬ್ಬಿ ತೆಗೆಯುವುದು. ಸರಿಯಾಗಿ ನೂರಿಪ್ಪತ್ತಿದ್ದರೆ ನೆತ್ತಿಯ ಮೇಲೆ ಹಸಿರು ಚೂರು, ಇಲ್ಲದಿದ್ದರೆ ಕೆಂಪು. ಯಾವತ್ತೂ ಹಸಿರು ಏರಲಿಲ್ಲ ಕಣ್ರೀ! ಅರ್ಧ ಮಿಲಿಮೀಟರು ಹೆಚ್ಚಿದ್ದರೂ ಕೆಂಪು, ಕಡಿಮೆಯಿದ್ದರೂ ಕೆಂಪು. ಡಬ್ಬಿಯಲ್ಲಿ ಬರೀ ಹಸಿರೇ ಉಳಿಯಿತು.

"ಮಾಡಿದವರೂ ನೀವೇ, ಅಳೆಯೋರೂ ನೀವೇ. ಪಾಸ್ ಮಾಡ್ಕೊಳ್ಳಿ ಭಾವ, ಯಾರು ಕೇಳ್ತಾರೆ?" ಎಂದೆ ಒಮ್ಮೆ.

"ಹಂಗಂತ ಒಂದ ಸಲ ಇಟ್ಟರ, ಆಮ್ಯಾಲೆ ಹಸಿರಿಗೆ ಕಿಮ್ಮತ್ತು ಉಳಿಯಂಗಿಲ್ಲ."

ಅಷ್ಟಾದರೂ ಅವರಿಗೆ ಒಂದು ಆಸೆಯಿತ್ತು. ಎಂದಾದರೂ ಒಂದು ದಿನ, ಉಂಡೆಯನ್ನು ಪಾರ್ಟಿಗಳಿಗೆ ಒಯ್ಯುತ್ತಿದ್ದ ಸ್ಟೀಲ್ ತಟ್ಟೆ ಖಾಲಿಯಾಗಿ ಮನೆಗೆ ಬರಬೇಕು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಪ್ರತಿ ಪಾರ್ಟಿಯ ಕೊನೆಗೆ ತಟ್ಟೆಯ ಮುಚ್ಚಳ ಎತ್ತಿ ನೋಡುತ್ತಿದ್ದ ಅವರ ಮುಖ ನಮಗೆ ಕಾಣುತ್ತಿತ್ತಲ್ಲ.

ಖಾಲಿಯಾಗುವುದೆಲ್ಲಿಂದ ಬಂತು! ಎದುರುಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಒಯ್ದಾಗ ಒಬ್ಬರು ಹೆದರಿಕೊಂಡೇ ಕೇಳಿದರು, "ಸಾರ್, ಒಬ್ಬೊಬ್ಬರಿಗೆ ಒಂದೊಂದಾ?"

"ಇಲ್ರೀ, ಎಲ್ಲಾರಿಗೂ ಕೂಡಿ ಒಂದ."

ಅವರು ಉಸಿರು ಬಿಟ್ಟರು. ತಿಂದವರೆಲ್ಲ "ಡಿಫರೆಂಟಾಗಿದೆ ಸಾರ್" ಎಂದರು. ನಮ್ಮ ಬೆಂಗಳೂರಿನಲ್ಲಿ ಡಿಫರೆಂಟಾಗಿದೆ ಅಂದರೆ ಏನು ಅರ್ಥ ಅಂತ ನಿಮಗೆ ಹೇಳಬೇಕೇ?

ಇನ್ನೊಮ್ಮೆ, ಕ್ಲಬ್ಬಿನ ಪಾರ್ಟಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ, ಶೇಂಗಾ ತರಿಯ ಡಬ್ಬ ಅಂದುಕೊಂಡು ಭಾವ ತಮ್ಮ ಅಮ್ಮ ಗದಗಿನಿಂದ ಕಳಿಸಿದ್ದ ಶೇಂಗಾ ಚಟ್ನಿಪುಡಿಯಲ್ಲಿ ಉಂಡೆಯನ್ನು ಹೊರಳಿಸಿಬಿಟ್ಟರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಎಲ್ಲ ಇರುವ ಚಟ್ನಿಪುಡಿ! ಅವರ ಮ್ಯಾನೇಜರು ಒಂದು ಬಿಸ್ಕತ್ತು ತಿಂದು ಮೂರು ಲೋಟ ನೀರು ಕುಡಿದರು. ಆದರೆ ಮಜಾ ನೋಡಿ, ಅವತ್ತೇ ಮೊದಲ ಬಾರಿಗೆ ಜನ ಎರಡನೇ ಸಲ ಹಾಕಿಸಿಕೊಂಡದ್ದು. ಅರ್ಧ ಉಂಡೆ ಖರ್ಚಾಯಿತು!

"ಇನ್ಮೇಲೆ ಹೀಗೇ ಮಾಡೋಣ ರೀ," ಎಂದಳು ಅಕ್ಕ ಆಸೆಯಿಂದ.

"ಚೀಟಿಯೊಳಗ ಖಾರ ಇಲ್ಲ," ಎಂದರು ಭಾವ. ಮಾತು ಮುಗಿಯಿತು.

ಆಮೇಲೆ ಫ್ಯಾಕ್ಟರಿಗೆ ಸ್ವಯಂ ನಿವೃತ್ತಿ ಯೋಜನೆ ಬಂತು. ಹೆಸರಿಗೆ ಸ್ವಯಂ. ಪಟ್ಟಿಯಲ್ಲಿ ಹೆಸರು ಬಂದವರು ವಯಸ್ಸಾಗುವ ಮೊದಲೇ ಮನೆಗೆ ಹೋಗುವುದು. ವಾರಕ್ಕೊಂದು ಬೀಳ್ಕೊಡುಗೆ ಶುರುವಾಯಿತು. ಕ್ಯಾಂಟೀನಿನ ಬೂಂದಿ ಲಾಡು, ಒಂದು ಹಾರ, ಒಂದು ಗೋಡೆ ಗಡಿಯಾರ. ಜೊತೆಗೆ, ಯಾರೂ ಕೇಳದಿದ್ದರೂ, ನಮ್ಮ ಭಾವನ ಚೀಸ್ ಬಾಲ್! ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದ ಮಾದನಾಯಕನಹಳ್ಳಿಯ ಟರ್ನರ್ ಒಬ್ಬರು, ಹಾರ ಹಾಕಿಕೊಂಡೇ ಅದನ್ನು ನೋಡಿ, "ಸಾ, ಇದು ತಿನ್ನಾಕೋ, ಆಡಾಕೋ?" ಎಂದರಂತೆ. ಅವತ್ತು ಉಂಡೆ ಇದ್ದ ಹಾಗೇ ವಾಪಸ್ ಬಂತು. ಮುಂದಿನ ಭಾನುವಾರ ಮತ್ತೆ ಶೇಂಗಾ ಹುರಿ ಎಂದಾಗ ನನ್ನ ತಾಳ್ಮೆ ಕೆಟ್ಟಿತು.

"ಯಾರಿಗೆ ಬೇಕಾಗಿದೆ ಭಾವ ಇದು? ಒಬ್ಬರೂ ತಿನ್ನಲ್ಲ. ಕೆಲಸ ಹೋಗ್ತಿರೋ ಬೇಜಾರಲ್ಲಿ ಇರೋರಿಗೆ ಇದೊಂದು ಶಿಕ್ಷೆ! ನಿಮ್ಮ ಹುಚ್ಚಿಗೆ ನನ್ನ ಭಾನುವಾರ ಯಾಕೆ ಹಾಳಾಗ್ಬೇಕು?"

ಭಾವ ಕ್ಯಾಲಿಪರನ್ನು ಒರೆಸಿ ಜೇಬಿಗೆ ಹಾಕಿಕೊಂಡರು.

"ಅವರು ಮಾಡಿದ್ದನ್ನ ನಾ ಇಪ್ಪತ್ತೈದು ವರ್ಷ ರಿಜೆಕ್ಟ್ ಮಾಡೇನವಾ. ಹೋಗೂ ಮುಂದ, ನಾ ಮಾಡಿದ್ದನ್ನ ಅವರು ಒಮ್ಮೆ ರಿಜೆಕ್ಟ್ ಮಾಡಿ ಹೋಗ್ಲಿ ಬಿಡು."

ಬಾಣಲೆ ಒಲೆಯ ಮೇಲಿಟ್ಟೆ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಶೇಂಗಾ ಹುರಿಯಲು ಅವರು ಹೇಳಲೇ ಇಲ್ಲ. ಕ್ಯಾಲಿಪರ್ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಪಟ್ಟಿಯಲ್ಲಿ ಭಾವನ ಹೆಸರೂ ಬಂದಿದೆ ಎಂದು ಅಕ್ಕ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಬೀಳ್ಕೊಡುಗೆ ಬುಧವಾರ.

"ಚೀಸ್ ಬಾಲ್ ಮಾಡಲ್ವಾ ಭಾವ?"

"ನನಗ ನಾನ ಮಾಡ್ಕೊಳ್ಳೂದೇನು? ಬ್ಯಾಡ."

ಬುಧವಾರ ನಾನು ಆಫೀಸಿಗೆ ರಜೆ ಹಾಕಿದೆ. ಎಷ್ಟು ವರ್ಷ ಶಾಪ ಹಾಕುತ್ತಾ ಅರೆದಿದ್ದೆನೋ, ಅದನ್ನೇ ಒಬ್ಬಳೇ ಕೂತು ಅರೆದೆ. ಕಟ್ಟಲು ಮಾತ್ರ ಬರಲಿಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಹೊರಳಿಸುವಾಗ ಬಿರುಕು ಬಿಟ್ಟಿತು. ಹೊತ್ತಾಗಿತ್ತು, ಹಾಗೇ ತಟ್ಟೆಯಲ್ಲಿಟ್ಟುಕೊಂಡು, ಟೂಟಿ ಫ್ರೂಟಿ ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡು ಅಕ್ಕನ ಜೊತೆ ಕ್ಯಾಂಟೀನಿಗೆ ಹೋದೆ. ಫ್ರಿಜ್ಜಿನ ಮೇಲಿದ್ದ ಕ್ಯಾಲಿಪರ್ ಇರಲಿಲ್ಲ. ಭಾವನ ಜೇಬಿಗೆ ವಾಪಸ್ ಹೋಗಿತ್ತು.

ಭಾಷಣ, ಹಾರ, ಗಡಿಯಾರ ಎಲ್ಲ ಮುಗಿಯಿತು. ಮೊದಲೇ ಕೆಲಸ ಬಿಟ್ಟು ಹೋದವರೂ ಬಂದಿದ್ದರು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಎಲ್ಲರಿಗೂ ಪರಿಚಯದ ಶತ್ರು, ಇವತ್ತು ಸೊಟ್ಟಗೆ ಬೇರೆ ಕೂತಿದೆ! ಭಾವ ಅದನ್ನು ನೋಡಿದರು, ನನ್ನನ್ನು ನೋಡಿದರು. ಕೈ ತಾನಾಗಿ ಜೇಬಿಗೆ ಹೋಯಿತು.

"ಈ ಕಡೆ ನೂರಿಪ್ಪತ್ತೇಳು," ಎಂದರು. ತಿರುಗಿಸಿ ಹಿಡಿದರು. "ಈ ಕಡೆ ನೂರಾ ಹದಿನಾಲ್ಕು."

"ರಿಜೆಕ್ಟ್ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಕ್ಯಾಂಟೀನೆಲ್ಲ ನಕ್ಕಿತು. ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

"ಡಬ್ಬಿ ತಂದೀಯೇನು?" ಎಂದರು ಭಾವ.

ಕೊಟ್ಟೆ. ಕೆಂಪು ಹುಡುಕುತ್ತಾರೆ ಅಂದುಕೊಂಡೆ. ಅವರು ಒಂದು ಹಸಿರು ಚೂರು ತೆಗೆದು ಉಂಡೆಯ ನೆತ್ತಿಯ ಮೇಲಿಟ್ಟರು. ಎರಡು ಸಲ ಜಾರಿ ಬಿತ್ತು. ಮೂರನೇ ಸಲ ನಿಂತಿತು.

ಮಾದನಾಯಕನಹಳ್ಳಿಯ ಟರ್ನರ್ ಎದ್ದು ಮುಂದೆ ಬಂದರು. "ಇಪ್ಪತ್ತು ವರ್ಸ ನಂಗೆ ಒಂದು ಕೂದ್ಲೆಳೆ ಬಿಟ್ಕೊಡ್ನಿಲ್ಲ ನೀವು. ಇದಕ್ಕೆ ಅದಿಮೂರು ಮಿಲಿಮೀಟರ್ ಬಿಟ್ಬುಟ್ರಲ್ಲ ಸಾ!"

"ಇವತ್ತಿನಿಂದ ನಾ ಇನ್‌ಸ್ಪೆಕ್ಟರ್ ಅಲ್ಲಪಾ," ಎಂದರು ಭಾವ. ಕಣ್ಣು ತುಂಬಿಕೊಂಡಿತ್ತು.

ಟರ್ನರ್ ಒಂದು ಬಿಸ್ಕತ್ತು ತೆಗೆದುಕೊಂಡು ಉಂಡೆಯ ಉಬ್ಬಿದ ಕಡೆಯಿಂದ ದೊಡ್ಡ ತುಂಡು ಕೆರೆದು ಬಾಯಿಗಿಟ್ಟರು. ಅವರ ಹಿಂದೆ ಇನ್ನೊಬ್ಬರು ಬಂದರು. ಆಮೇಲೆ ಸಾಲೇ ನಿಂತಿತು. ರುಚಿ ಹೇಗಿತ್ತು ಎಂದು ನಾನು ಯಾರನ್ನೂ ಕೇಳಲಿಲ್ಲ.

ಮನೆಗೆ ನಡೆದು ಬರುವಾಗ ತಟ್ಟೆ ಇತ್ತ ಕೊಡಿ ಎಂದು ಅಕ್ಕ ಎಷ್ಟು ಕೇಳಿದರೂ ಭಾವ ಕೊಡಲಿಲ್ಲ. ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಮುಂದೆ ಮುಂದೆ ನಡೆದರು. ಗಡಿಯಾರವನ್ನು ನಾನು ಹೊತ್ತುಕೊಂಡು ಬಂದೆ.