ಚಂದ್ರದೇವಿಗೆ ಸಲ್ಲಿಸಿದ ಅರ್ಜಿಯ ಕಚೇರಿ ಪ್ರತಿ

ಮಾನ್ಯ ಓದುಗರಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ನಂಬಿಕೆಗೆ ಅರ್ಹವಲ್ಲ. ಮೂವತ್ತೊಂದು ವರ್ಷ ರವಾನೆ ವಿಭಾಗದಲ್ಲಿ ಕುಳಿತು ಬೇರೆಯವರ ಪತ್ರಗಳನ್ನು ಕಳುಹಿಸಿದವಳೇ ಹೊರತು, ಸ್ವಂತವಾಗಿ ಏನನ್ನೂ ಬರೆದವಳಲ್ಲ. ಆದಾಗ್ಯೂ ಒಂದು ಸಂಗತಿಯನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ: ನಾನು ಮಾಟಗಾತಿ.

ಗಾಬರಿಯಾಗಬಾರದೆಂದು ವಿನಂತಿ. ತ್ಯಾಗರಾಜನಗರದ ಒಂದು ತಾರಸಿಯಲ್ಲಿ ನಾವು ನಾಲ್ವರು ಹೆಂಗಸರು ಹುಣ್ಣಿಮೆಯ ಸಂಜೆ ಸೇರಿ, ಉಪ್ಪಿನಲ್ಲಿ ವೃತ್ತ ಎಳೆದು, ನಾಲ್ಕು ದಿಕ್ಕುಗಳನ್ನೂ ಚಂದ್ರದೇವಿಯನ್ನೂ ಕರೆಯುತ್ತೇವೆ. ಯಾರಿಗೂ ಕೇಡು ಬಯಸಕೂಡದೆಂಬುದು ನಮ್ಮ ಪಂಥದ ಮೊದಲ ನಿಯಮ. ನಿಂಬೆಹಣ್ಣು ಪಾನಕಕ್ಕೆ ಮಾತ್ರ. ಆ ವೃತ್ತದೊಳಗೆ ನಿಂತಾಗ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನಿಸುತ್ತದೆ. ಮನೆಯಲ್ಲಿ ಹಾಗೆನಿಸುವುದಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಕೆಳಗೆ ಅಕ್ಕ, ಮೇಲೆ ನಾನು. ಅಮ್ಮ ತೀರಿಕೊಂಡ ದಿನ ಬೆಳಿಗ್ಗೆ ಅಕ್ಕ, "ಇವತ್ತೊಂದಿನ ಆಫೀಸಿಗೆ ಹೋಗ್ಬೇಡ ಕಣೇ" ಎಂದಿದ್ದಳು. ಕಚೇರಿಯಲ್ಲಿ ತಪಾಸಣೆಯಿತ್ತು; ಹೋದೆ. ಮರಳುವಷ್ಟರಲ್ಲಿ ಅಮ್ಮ ಇರಲಿಲ್ಲ. ಅಂದಿನಿಂದ ಮಾತಿಲ್ಲ. ಪ್ರತಿದಿನ ಹುಳಿಯ ಡಬ್ಬಿಯನ್ನು ಚೀಲದಲ್ಲಿಟ್ಟು ಮೆಟ್ಟಿಲ ಮೇಲಿಡುತ್ತಾಳೆ. ನಾನು ಡಬ್ಬಿ ತೊಳೆದು ಅಲ್ಲೇ ಇಡುತ್ತೇನೆ. ಹುಳಿಗೆ ಉಪ್ಪು ಒಂದು ದಿನವೂ ತಪ್ಪಿಲ್ಲ. ಅದೇ ಸಂಕಟ.

ನಮಗೆ ಮಂತ್ರವಿದ್ಯೆ ಕಲಿಸುವ ನಳಿನಿಯವರು ವೃತ್ತಿಯಿಂದ ದಂತವೈದ್ಯೆ. "ಪಲಾವ್ ಎಲೆ ಮೇಲೆ ಬೇಕಾದ್ದನ್ನ ಒಂದೇ ಸಾಲಲ್ಲಿ ಬರ್ದು ಸುಟ್ಬಿಡಿ" ಎಂದರು. ಎಲೆಯ ಮೇಲೆ ವಿಷಯ, ಉಲ್ಲೇಖ, ಸಹಿಗೆ ಜಾಗ ಸಾಲಲಿಲ್ಲ. ಹಾಳೆಯಲ್ಲೇ ಬರೆದೆ: "ಸುಮಾರು ಮೂರು ವರ್ಷಗಳಿಂದ ಮಾತು ಬಿಟ್ಟಿರುವ ಅಕ್ಕ ನನ್ನನ್ನು ಮನ್ನಿಸುವಂತೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ." ಮೂಲವನ್ನು ಸುಟ್ಟೆ. ಸುಡುವ ಮೊದಲು, ರೂಢಿಯಂತೆ, ಕಚೇರಿ ಪ್ರತಿಯೊಂದನ್ನು ಜೆರಾಕ್ಸ್ ಮಾಡಿಸಿದ್ದೆ.

"ಕಾಪಿ ಇಟ್ಕೊಂಡ್ರೆ ಬಿಟ್ಟುಕೊಟ್ಟ ಹಾಗಾಗುತ್ತೇನ್ರೀ? ಹೇಗ್ರೀ ಫಲಿಸುತ್ತೆ?" ಎಂದು ನಳಿನಿಯವರು ಹಣೆಗೆ ಕೈಯಿಟ್ಟುಕೊಂಡರು.

ಅಂದು ಆತುರದಲ್ಲಿ ಡಬ್ಬಿಯ ಚೀಲವನ್ನೇ ತಾರಸಿಗೆ ಒಯ್ದಿದ್ದೆ. ಪ್ರತಿ ಅದರಲ್ಲೇ ಉಳಿದು, ಮರುದಿನ ತೊಳೆದ ಡಬ್ಬಿಯೊಂದಿಗೆ ಅಕ್ಕನ ಕೈ ಸೇರಿತು. ನನ್ನ ಕೈಯಿಂದ ತಪ್ಪು ವಿಳಾಸಕ್ಕೆ ಹೋದ ಮೊದಲ ಪತ್ರ ಅದು. ಸಂಜೆ ಹುಳಿಯ ಡಬ್ಬಿಯ ಕೆಳಗೆ ಹಾಳೆ ಮಡಚಿ ವಾಪಸು ಬಂದಿತ್ತು. "ಸುಮಾರು ಮೂರು ವರ್ಷ" ಎಂಬುದನ್ನು ಹೊಡೆದುಹಾಕಿ, ಅಂಚಿನಲ್ಲಿ "ನಾಲ್ಕು ವರ್ಷ, ಎರಡು ತಿಂಗಳು" ಎಂದು ಬರೆದಿದ್ದಳು. ಬೇರೇನೂ ಇರಲಿಲ್ಲ.

"ಉತ್ತರ ಬಂತಲ್ರೀ" ಎನ್ನುತ್ತಾರೆ ನಳಿನಿಯವರು. ಇದನ್ನು ಉತ್ತರವೆಂದು ದಾಖಲಿಸಬೇಕೋ ತಿರಸ್ಕೃತವೆಂದೋ ತಿಳಿಯದೆ, ಕಡತಕ್ಕೂ ಸೇರಿಸದೆ, ದಿಂಬಿನ ಕೆಳಗಿಟ್ಟಿದ್ದೇನೆ. ಎಣಿಸುತ್ತಾ ಕುಳಿತವಳು ಅವಳು. ಸುಮಾರು ಎಂದು ಬರೆದವಳು ನಾನು.

ಈ ಬರಹದಲ್ಲೂ ತಪ್ಪುಗಳಿರಬಹುದು. ಕಂಡವರು ದಯವಿಟ್ಟು ಅಂಚಿನಲ್ಲಿ ತಿದ್ದಿ ಕಳುಹಿಸಬೇಕಾಗಿ ಕೋರುತ್ತೇನೆ. ಜೊತೆಗೆ ಮಾತನಾಡಲೇಬೇಕೆಂದೇನೂ ಇಲ್ಲ; ತಿದ್ದಿದ್ದರೆ, ಓದಿದ್ದೀರೆಂದು ತಿಳಿದುಕೊಳ್ಳುತ್ತೇನೆ.