ಮುದಿ ಕಾರಿಗೆ ಕೌದಿ ಹೊದಿಸಿದ್ದು

ಈ ಸಲ ನಮ್ಮ ಮುದಿ ಕಾರನ್ನು ಚಳಿಗಾಲಕ್ಕೆ ಸಜ್ಜುಗೊಳಿಸುವ ಮಹಾಕಾರ್ಯಕ್ಕೆ ಯಾವ ಮೆಕ್ಯಾನಿಕ್ಕನೂ ಬೇಡ, ಖುದ್ದು ನಾನೇ ಸಾಕು ಎಂದು ಊಟದ ಹೊತ್ತಿನಲ್ಲಿ ಘೋಷಿಸಿದೆ!

ಹೆಂಡತಿ ತುಯಾರಾ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

"ರೀ, ಶನಿವಾರ ಅಪ್ಪ ಬರ್ತಿದ್ದಾರೆ. ನಿಮ್ಮ ಪ್ರಯೋಗ ಎಲ್ಲ ಆಮೇಲೆ ಇಟ್ಕೊಳ್ಳಿ."

"ಅದಕ್ಕೇ ಕಣೇ! ಮಾವನ್ನ ಏರ್‌ಪೋರ್ಟಿಂದ ಅದೇ ಕಾರಲ್ಲಿ ಕರ್ಕೊಂಡು ಬರ್ತೀನಿ. ಈ ಎರ್ಚಿಮ್ ಅಂದ್ರೆ ಯಾರು ಅಂತ ಗೊತ್ತಾಗ್ಲಿ!"

ಗೊತ್ತಾಗಲೇಬೇಕಿತ್ತು. ಮದುವೆಯ ದಿನ ಮಾವ ಗವ್ರಿಲ್ ತುಂಬಿದ ಸಭೆಯಲ್ಲಿ, "ಮೇಷ್ಟ್ರು ಮಾತೇನೋ ಚೆನ್ನಾಗಿ ಆಡ್ತಾರೆ. ನನ್ನ ಮಗಳನ್ನ ಒಂದು ಚಳಿಗಾಲ ದಾಟಿಸ್ತಾರಾ?" ಎಂದಿದ್ದರು. ಅದಾದ ಮೇಲೆ ನಮ್ಮ ಮನೆಗೆ ಬರುತ್ತಿರುವುದು ಇದೇ ಮೊದಲು. ನಮ್ಮ ಊರು ಯಾಕುತ್ಸ್ಕಿನಲ್ಲಿ ಚಳಿಗಾಲ ಎಂದರೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಅಪ್ಪನ ಬಾಯಿಂದ 'ಪರವಾಗಿಲ್ಲ ನಮ್ಮ ಅಳಿಯ' ಎಂಬ ಒಂದೇ ಒಂದು ಮಾತು ಕೇಳಬೇಕೆಂದು ತುಯಾರಾ ಇಷ್ಟು ವರ್ಷ ಕಾದಿದ್ದಳು.

ಶುಕ್ರವಾರ ಸಂಜೆ ಟೊಂಕ ಕಟ್ಟಿ ನಿಂತೆ. ಕಾರಿನ ಕಿಟಕಿಗಳಿಗೆ ಎರಡನೇ ಗಾಜು ಅಂಟಿಸಿದೆ. ಒಂದು ಸೊಟ್ಟಗಾಯಿತು, ಇರಲಿ! ರೇಡಿಯೇಟರಿನ ಮುಂದೆ ರಟ್ಟು ಸಿಕ್ಕಿಸಿದೆ. ಅಜ್ಜಿಯ ಕಾಲದ ಕೌದಿಯನ್ನು ಅಳತೆಗೆ ಕತ್ತರಿಸಿ ಎಂಜಿನ್ನಿಗೆ ಹೊದಿಸಿದೆ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ತಂದೆ. ನಮ್ಮಲ್ಲಿ ರಾತ್ರಿ ಅದನ್ನು ಹೊರಗೆ ಬಿಟ್ಟವನು ಬೆಳಿಗ್ಗೆ ನಡೆದೇ ಹೋಗಬೇಕು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಮಾವ ತಮ್ಮ ಉತ್ತರದ ನದಿಯಲ್ಲಿ ತಾವೇ ಹಿಡಿದ ಮೀನನ್ನು ಮುಂಚೆಯೇ ಲಾರಿಯಲ್ಲಿ ಕಳಿಸಿದ್ದರು. ಕಲ್ಲಿನಂತೆ ಹೆಪ್ಪುಗಟ್ಟಿದ ಆ ಹಸಿ ಮೀನನ್ನು ಚಾಕುವಿನಿಂದ ತೆಳ್ಳಗೆ ಹೆರೆದು, ಉಪ್ಪು ಮೆಣಸಿನಲ್ಲಿ ಅದ್ದಿ ತಿನ್ನುವುದೇ ನಮ್ಮ ಹಬ್ಬದೂಟ. ಹಿಡಿದ ಗಳಿಗೆಯಿಂದ ತಟ್ಟೆಗೆ ಬರುವವರೆಗೆ ಅದು ಒಮ್ಮೆಯೂ ಕರಗಕೂಡದು. ಬಾಲ್ಕನಿಯಲ್ಲಿ ಕಾಗೆ ಕುಕ್ಕೀತೆಂದು ಅದನ್ನೂ ಒಳತಂದು, ಉಳಿದ ಕೌದಿಯನ್ನು ಎರಡು ತುಂಡು ಮಾಡಿ, ಒಂದರಲ್ಲಿ ಮೀನು, ಇನ್ನೊಂದರಲ್ಲಿ ಬ್ಯಾಟರಿ ಸುತ್ತಿ ಬಿಗಿದೆ. ಎರಡೂ ಭಾರ, ಎರಡೂ ಗಟ್ಟಿ. ಹೊರಗಿಂದ ಬಂದ ನನ್ನ ಕನ್ನಡಕವೋ, ಹಬೆ ಹಿಡಿದು ಬೆಳ್ಳಗೆ! ಆದರೂ ಒಂದು ಗಂಟನ್ನು ಬಾಲ್ಕನಿಗೆ, ಇನ್ನೊಂದನ್ನು ಹೀಟರಿನ ಪಕ್ಕಕ್ಕೆ ಘನಗಾಂಭೀರ್ಯದಿಂದ ಸಾಗಿಸಿದೆ.

ಬೆಳಿಗ್ಗೆ ತುಯಾರಾ ಕೇಳಿದಳು, "ರೀ, ಬೆಕ್ಕು ಯಾಕೆ ಬ್ಯಾಟರಿ ನೆಕ್ತಾ ಇದೆ?"

"ಬೆಚ್ಚಗಿದೆಯಲ್ಲ, ಅದಕ್ಕೆ! ನನ್ನ ಕೆಲಸ ಮೂಕಪ್ರಾಣಿಗೂ ಮೆಚ್ಚುಗೆಯಾಗಿದೆ ನೋಡು."

ಗಂಟು ಎತ್ತಿದಾಗ ಕೈಗೆ ಮೆತ್ತಗನ್ನಿಸಿತು. ಕೌದಿಯಲ್ಲವೇ ಎಂದುಕೊಂಡೆ. ಕೆಳಗಿಳಿದು, ಬಾನೆಟ್ ಎತ್ತಿ ಗಂಟು ಬಿಚ್ಚಿದರೆ, ಮಾವನ ಮೀನುಗಳು ಸರ್ರನೆ ಜಾರಿ ಎಂಜಿನ್ನಿನ ಮೇಲೆ ಮಲಗಿದವು!

ಪಕ್ಕದ ಮನೆಯ ದೋಹ್ಸುನ್ ಅಲ್ಲೇ ನಿಂತಿದ್ದ.

"ಏನ್ ಮೇಷ್ಟ್ರೇ, ಪೆಟ್ರೋಲ್ ಬಿಟ್ಟು ಮೀನೆಣ್ಣೆಗೆ ಬಂದ್ರಾ?"

"ದಮ್ಮಯ್ಯ, ಯಾರಿಗೂ ಹೇಳ್ಬೇಡ! ನಿನ್ನ ಕಾರಲ್ಲಿ ಒಂದ್ಸಲ ಏರ್‌ಪೋರ್ಟಿಗೆ ಹೋಗಿಬರೋಣ."

ಬಾಲ್ಕನಿಯ ಬ್ಯಾಟರಿ ಮರಗಟ್ಟಿ ಸತ್ತಿತ್ತು. ಆಗ ಹೊಳೆಯಿತು ನೋಡಿ, ನನ್ನ ಜೀವನದ ಅತಿ ಹೀನ ಉಪಾಯ! ಮೀನನ್ನು ಸದ್ದಿಲ್ಲದೆ ಮತ್ತೆ ಬಾಲ್ಕನಿಗೆ ಇಟ್ಟೆ. ಐವತ್ತು ಡಿಗ್ರಿಯಲ್ಲಿ ಮತ್ತೆ ಕಲ್ಲಾಗುತ್ತದೆ, ಯಾರಿಗೆ ತಿಳಿದೀತು?

ದೋಹ್ಸುನ್ ಕಾರಿನಲ್ಲಿ ಬಂದಿಳಿದ ಮಾವ ಸಂಜೆ ಮೀನನ್ನು ನೆಟ್ಟಗೆ ನಿಲ್ಲಿಸಿ ಚಾಕು ಹಾಕಿದರು. ಸುರುಳಿ ಸುರುಳಿಯಾಗಿ ಏಳಬೇಕಾದದ್ದು ಪುಡಿಪುಡಿಯಾಗಿ ಉದುರಿತು. ಚಾಕು ನಿಂತಿತು.

"ಇದು ಒಂದ್ಸಲ ಕರಗಿದೆ," ಎಂದರು.

ತುಯಾರಾಳ ಮುಖ ಬಿಳಿಚಿತು. ನಾನು ನಡುವೆ ಬಾಯಿ ಹಾಕಿದೆ. "ಆ ಲಾರಿಯವನದೇ ಕೆಲಸ ಇರ್ಬೇಕು ಮಾವ. ಈಗಿನವರಿಗೆ ಜವಾಬ್ದಾರಿನೇ ಇಲ್ಲ!"

"ಲಾರಿ ಓಡಿಸ್ಕೊಂಡು ಬಂದವನು ನನ್ನ ತಮ್ಮ," ಎಂದರು ಮಾವ, ತಣ್ಣಗೆ.

ಅಷ್ಟರಲ್ಲಿ ತುಯಾರಾ ನನ್ನತ್ತ ತಿರುಗಿದಳು. "ಬೆಕ್ಕು ನೆಕ್ತಿದ್ದದ್ದು ಏನನ್ನ, ರೀ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಬಾಯಿಬಿಡಲು ಅದೂ ಹೆಪ್ಪುಗಟ್ಟಿತ್ತು! ತಲೆ ತಗ್ಗಿಸಿ ಗಂಟಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಮೀನು ಹಾಳಾದದ್ದಕ್ಕಿಂತ, ಕಾಣದ ಮನುಷ್ಯನ ಮೇಲೆ ತಪ್ಪು ಹೊರಿಸಿದ್ದಕ್ಕೆ ನಾಚಿಕೆಯಾಯಿತು. ಹೆಂಡತಿಯ ಕಣ್ಣಲ್ಲಿ ನೀರು ನೋಡಿ ಇನ್ನಷ್ಟು ನಾಚಿಕೆಯಾಯಿತು.

ಮಾವ ಚಾಕು ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ ಮೀನನ್ನು ಮಗಳ ಕೈಗಿಟ್ಟು, "ಅಳಬೇಡ ಕಣಮ್ಮ, ಸಾರು ಮಾಡು. ಸಾರಿಗೇನೂ ಮೋಸ ಇಲ್ಲ," ಎಂದರು.

ಸಾರು ಚೆನ್ನಾಗಿಯೇ ಇತ್ತು. ಎರಡು ಬಟ್ಟಲು ಕುಡಿದರು. ನನಗೂ ಜೀವ ಬಂತು. ತಟಕ್ಕನೆ ಎದ್ದು, "ಮಾವ, ಆಯಾಸ ಆಗಿರುತ್ತೆ. ನಿಮ್ಮ ಹಾಸಿಗೆ ನಾನೇ ಹಾಸ್ತೀನಿ!" ಎಂದೆ.

ಮಾವ ಗಾಬರಿಯಿಂದ ಮಗಳ ಕೈ ಹಿಡಿದುಕೊಂಡರು.

"ಬೇಡಮ್ಮಾ, ನೀನೇ ಹಾಸು! ಇವರು ಹಾಸಿದ್ರೆ ಬೆಳಿಗ್ಗೆ ನನ್ನನ್ನ ಬಾಲ್ಕನೀಲಿ ಹುಡುಕ್ಬೇಕಾಗುತ್ತೆ!"